ಅನಧ್ಯಾಯವಿಲ್ಲದ ಪಾಠಶಾಲೆ: ಆರ್ವೆಲ್ಲನ ಕಾದಂಬರಿಯನ್ನು ಕುರಿತು ಒಂದು ವಿಚಾರ

ಪಾಠಶಾಲೆಯ ನಿರ್ಬಂಧಗಳನ್ನು ಜಾರ್ಜ್ ಆರ್ವೆಲ್ಲನ ‘ನೈನ್ಟೀನ್ ಎಯ್ಟಿಫೋರ್’ ಎಂಬ ಕಾದಂಬರಿಯಲ್ಲಿ ವರ್ಣಿತವಾಗಿರುವ ದುಷ್ಟರಾಜ್ಯಕ್ಕೆ ಹೋಲಿಸಿ ಮಾತನಾಡುವ ವಾಡಿಕೆಯೊಂದು ಈಚೆಗೆ ಬಲವಾಗಿ ಬೆಳೆದಿದೆ. ವಿದ್ಯಾರ್ಥಿಗಳ ನಿಬಂಧಗಳಲ್ಲಿಯೂ ಉಪಾಧ್ಯಾಯರ ಗೋಷ್ಠಿಗಳಲ್ಲಿಯೂ ಈ ಹೋಲಿಕೆಯನ್ನು ಕೇಳುತ್ತೇವೆ. ಗಂಟೆ ಬಾರಿಸಿದಾಗ ಏಳಬೇಕು, ಗಂಟೆ ಬಾರಿಸಿದಾಗ ಕೂರಬೇಕು, ಒಂದೇ ಬಣ್ಣದ ಉಡುಪನ್ನು ಧರಿಸಬೇಕು, ಹೊರಗೆ ಹೋಗಲು ಅಪ್ಪಣೆ ಬೇಕು; ಆದುದರಿಂದ ಶಾಲೆಯೆಂಬುದು ಆರ್ವೆಲ್ಲನ ರಾಜ್ಯದ ಕಿರಿಯ ಪ್ರತಿರೂಪವೆಂಬುದು ಈ ಪಕ್ಷದವರ ಅಭಿಪ್ರಾಯ. ಈ ಮಾತಿನಲ್ಲಿ ಸತ್ಯಾಂಶವೆಷ್ಟು, ಅಲಂಕಾರಾಂಶವೆಷ್ಟು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಾದಂಬರಿಯು 1949ನೆಯ ಇಸವಿ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ವಿನ್‌ಸ್ಟನ್ ಸ್ಮಿತ್ ಎಂಬ ಗುಮಾಸ್ತನು ಹಳೆಯ ವೃತ್ತಪತ್ರಿಕೆಗಳನ್ನು ಪಕ್ಷದ ಇಚ್ಛಾನುಸಾರವಾಗಿ ತಿದ್ದುವ ಉದ್ಯೋಗದಲ್ಲಿದ್ದಾನೆ. ಅವನ ಮನೆಯ ಗೋಡೆಯ ಮೇಲೆ ಅವನನ್ನು ನೋಡುವ, ಅವನ ಮಾತನ್ನು ಕೇಳುವ ಯಂತ್ರವಿದೆ. ಅವನು ಗುಟ್ಟಾಗಿ ದಿನಚರಿಯೊಂದನ್ನು ಬರೆಯತೊಡಗುತ್ತಾನೆ, ಜೂಲಿಯಾ ಎಂಬವಳಲ್ಲಿ ಅನುರಕ್ತನಾಗುತ್ತಾನೆ, ಸೆರೆಸಿಕ್ಕುತ್ತಾನೆ, ಕೊನೆಗೆ ತನ್ನನ್ನು ಹಿಂಸಿಸಿದ ಅಧಿಕಾರವನ್ನೇ ಪ್ರೀತಿಸುವ ಸ್ಥಿತಿಗೆ ಇಳಿಯುತ್ತಾನೆ. ಕಥೆ ಇಷ್ಟೆ. ಇದನ್ನು ಓದಿದವರು ಅನೇಕರಿರುವುದರಿಂದ ವಿಸ್ತರಿಸಬೇಕಾಗಿಲ್ಲ.

ಉಪಮೆಗೆ ಉಪಮಾನ, ಉಪಮೇಯ, ಸಾಧಾರಣಧರ್ಮ, ವಾಚಕ ಎಂಬ ನಾಲ್ಕು ಅಂಗಗಳುಂಟು. ಪ್ರಕೃತ ಉಪಮೆಯಲ್ಲಿ ಮೂರನೆಯದಾದ ಸಾಧಾರಣಧರ್ಮವು ಯಾವುದು? ಕಾಠಿನ್ಯವೆಂದು ಹೇಳುವುದಾದರೆ ಉಪಮೆಯು ಕೂಡಲೆ ಕೆಡುತ್ತದೆ. ಮೇಧಾವಿಯು ಹೇಳಿದ ಏಳು ಉಪಮಾದೋಷಗಳನ್ನು ಭಾಮಹನು ಎತ್ತಿಕೊಂಡಿರುವನಷ್ಟೆ. ಅವುಗಳಲ್ಲಿ ಉಪಮಾನಾಧಿಕ್ಯವೂ ಒಂದು. ಉಪಮಾನವು ಉಪಮೇಯವನ್ನು ಅತಿಯಾಗಿ ಮೀರಿದಾಗ ಹೋಲಿಕೆಯು ವಸ್ತುವನ್ನು ಬೆಳಗಿಸದೆ ಮುಚ್ಚುತ್ತದೆ. ತಡವಾಗಿ ಬಂದ ಬಾಲಕನನ್ನು ಬಾಗಿಲ ಹೊರಗೆ ನಿಲ್ಲಿಸುವುದಕ್ಕೂ, ಮನುಷ್ಯನ ಮುಖಕ್ಕೆ ಹಸಿದ ಇಲಿಗಳ ಪಂಜರವನ್ನು ಒಡ್ಡುವುದಕ್ಕೂ ನಡುವೆ ಇರುವ ಅಂತರವನ್ನು ಮರೆಯುವವನು ಬಾಲಕನ ದುಃಖವನ್ನೂ ಕಾಣಲಾರನು, ಕಾದಂಬರಿಯ ಭಯವನ್ನೂ ಕಾಣಲಾರನು. ಆದರೆ ಇಷ್ಟಕ್ಕೇ ಈ ಹೋಲಿಕೆಯನ್ನು ತಳ್ಳಿಹಾಕುವುದು ಪಂಡಿತರ ಆತುರವಾದೀತು. ಸಹೃದಯರಿಗೆ ಉದ್ವೇಗವಾಗದಿದ್ದರೆ ಇಂಥ ಕೆಲವು ಭೇದಗಳು ದೋಷವಲ್ಲವೆಂಬುದು ದಂಡಿಯ ಮತ. ಅವನ ಹೆಜ್ಜೆಯಲ್ಲಿ ನಡೆದ ನಮ್ಮ ಕವಿರಾಜಮಾರ್ಗಕಾರನಿಗೂ ಲಕ್ಷಣಕ್ಕಿಂತ ಲಕ್ಷ್ಯವೇ ದೊಡ್ಡದು. ಆದುದರಿಂದ ಸಾಧಾರಣಧರ್ಮವನ್ನು ಬೇರೆಡೆಯಲ್ಲಿ ಹುಡುಕಬೇಕು.

ಆಂಗ್ಲ ವಿಮರ್ಶಕರಲ್ಲಿ ಆಂಟನಿ ವೆಸ್ಟ್ ಎಂಬವರು 1956ರಲ್ಲಿ ಈ ಹೋಲಿಕೆಯನ್ನು ತಲೆಕೆಳಗಾಗಿ ಪ್ರತಿಪಾದಿಸಿದರು. ಶಾಲೆಯು ಕಾದಂಬರಿಯಂತಿದೆ ಎಂದಲ್ಲ. ಕಾದಂಬರಿಯೇ ಶಾಲೆಯಿಂದ ಹುಟ್ಟಿದೆ ಎಂದು ಅವರ ವಾದ. ಆರ್ವೆಲ್ಲನು 1903ರಲ್ಲಿ ನಮ್ಮ ದೇಶದ ಮೋತಿಹಾರಿಯಲ್ಲಿ ಹುಟ್ಟಿ, 1911ರಿಂದ 1916ರವರೆಗೆ ಇಂಗ್ಲೆಂಡಿನ ಈಸ್ಟ್‌ಬೋರ್ನಿನ ಸೇಂಟ್ ಸಿಪ್ರಿಯನ್ಸ್ ಎಂಬ ವಸತಿಶಾಲೆಯಲ್ಲಿ ಓದಿದನು. ಆ ಶಾಲೆಯನ್ನು ಕುರಿತು ಅವನು ಬರೆದಿಟ್ಟ ದೀರ್ಘಪ್ರಬಂಧವು ಅವನ ಮರಣಾನಂತರ 1952ರಲ್ಲಿ ಅಚ್ಚಾಯಿತು. ಎಂಟು ವರ್ಷದ ಬಾಲಕನು ನಿದ್ರೆಯಲ್ಲಿ ಹಾಸಿಗೆಯನ್ನು ಒದ್ದೆಮಾಡಿದುದಕ್ಕಾಗಿ ಏಟು ತಿನ್ನುತ್ತಾನೆ. ತಪ್ಪು ತನ್ನದೆಂದು ಅವನು ನಂಬುತ್ತಾನೆ. ಆದರೆ ಅದನ್ನು ಮಾಡದಿರುವುದು ತನ್ನ ವಶದಲ್ಲಿಲ್ಲವೆಂಬುದನ್ನೂ ಬಲ್ಲನು. ಇಚ್ಛೆಯಿಲ್ಲದೆಯೇ ಪಾಪವು ಸಂಭವಿಸುವ ಲೋಕವೊಂದಿದೆಯೆಂದು ಅವನಿಗೆ ಆಗ ತಿಳಿಯುತ್ತದೆ. ಕಾದಂಬರಿಯಲ್ಲಿ ನಿದ್ರೆಯಲ್ಲಿ ಆಡಿದ ಮಾತಿಗಾಗಿ ಪಾರ್ಸನ್ಸ್ ಎಂಬವನು ಸೆರೆಮನೆಗೆ ಬರುವ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವೆಸ್ಟರ ವಾದಕ್ಕೆ ಆಧಾರವಿದೆಯೆಂದೇ ತೋರುತ್ತದೆ. ಮುಂಜಾವಿನಲ್ಲಿ ಯಂತ್ರದೊಳಗಿಂದ ವ್ಯಾಯಾಮಶಿಕ್ಷಕಿಯು ವಿನ್‌ಸ್ಟನ್ನನನ್ನು ಸಂಖ್ಯೆಯಿಂದ ಕರೆದು, ಇನ್ನೂ ಬಗ್ಗಬೇಕೆಂದು ಗದರಿಸುವ ಭಾಗವಂತೂ ಯಾವ ಡ್ರಿಲ್ ಮೈದಾನದಲ್ಲಿಯಾದರೂ ನಡೆಯಬಹುದಾದುದು.

ಆದರೂ ಈ ಸಿದ್ಧಾಂತವನ್ನು ನಾವು ಒಪ್ಪಲಾರೆವು. ಕಾವ್ಯದ ಬೀಜವೇ ಕಾವ್ಯದ ಅರ್ಥವಲ್ಲ. ಕವಿಯ ಲೌಕಿಕ ಶೋಕವು ಸಾಧಾರಣೀಕರಣವನ್ನು ಹೊಂದಿದ ಮೇಲೆ ಅದು ಅವನ ಶೋಕವೂ ಅಲ್ಲ, ಪರರ ಶೋಕವೂ ಅಲ್ಲ ಎಂದು ಭಟ್ಟನಾಯಕ ಅಭಿನವಗುಪ್ತರು ನಿರ್ಣಯಿಸಿರುವರು. ಹಾಗೆ ಸಾಧಾರಣವಾದ ಭಯವನ್ನು ಪುನಃ ಹಿಂದಕ್ಕೆಳೆದು, ಇದು ಇಂಥ ಹುಡುಗನು ಇಂಥ ಊರಿನಲ್ಲಿ ತಿಂದ ಏಟಿನ ನೋವು ಎನ್ನುವುದು ಕಾವ್ಯವನ್ನು ಕವಿಯ ಜಾತಕವನ್ನಾಗಿಸಿದಂತೆ. ಅದೂ ಅಲ್ಲದೆ, ಆರ್ವೆಲ್ಲನಿಗೆ ಶಾಲೆಯನ್ನೇ ಖಂಡಿಸಬೇಕಾಗಿದ್ದರೆ ಅದನ್ನು ನೇರವಾಗಿ ಖಂಡಿಸಲು ಬರುತ್ತಿತ್ತು. ಸ್ವತಃ ಉಪಾಧ್ಯಾಯನಾಗಿ ದುಡಿದ ಅವನು 1935ರಲ್ಲಿ ಪ್ರಕಟಿಸಿದ ‘ಎ ಕ್ಲರ್ಜಿಮನ್ಸ್ ಡಾಟರ್’ ಕಾದಂಬರಿಯಲ್ಲಿ ಶುಲ್ಕದಾಸೆಗೆ ನಡೆಯುವ ಖಾಸಗಿ ಶಾಲೆಯೊಂದರ ಚಿತ್ರವನ್ನು ಬರೆದೇ ಇದ್ದಾನೆ. ಅಲ್ಲಿ ಹಾಸ್ಯವಿದೆ, ಜುಗುಪ್ಸೆಯಿದೆ, ಭಯಾನಕವಿಲ್ಲ.

ಹಾಗಾದರೆ ಭಯಾನಕವು ಎಲ್ಲಿಂದ ಬಂದಿತು? ಓಬ್ರಿಯನ್ ಎಂಬ ಪಾತ್ರವನ್ನು ನೋಡಿರಿ. ವಿಮರ್ಶಕರು ಅವನನ್ನು ಹಿಂಸಕನೆಂದೇ ಹೆಚ್ಚಾಗಿ ವಿಚಾರಿಸಿದ್ದಾರೆ. ನಮ್ಮ ಕಣ್ಣಿಗೆ ಅವನು ಮೊದಲು ಗುರು. ವಿನ್‌ಸ್ಟನ್ನನನ್ನು ಮಂಚಕ್ಕೆ ಬಿಗಿದು ಪ್ರಶ್ನೆ ಕೇಳುವಾಗ ಅವನು ಜಾಣ ಶಿಷ್ಯನೊಡನೆ ಮಾತನಾಡುವ ಉಪಾಧ್ಯಾಯನ ಮುಖಮುದ್ರೆಯನ್ನು ತಾಳುತ್ತಾನೆಂದು ಗ್ರಂಥಕಾರನೇ ಸೂಚಿಸಿದ್ದಾನೆ. ಶಿಷ್ಯನ ಪುನರ್ಜನ್ಮಕ್ಕೆ ಅವನು ಹೇಳುವ ಮೂರು ಹಂತಗಳಾದರೂ ಯಾವುವು? ಕಲಿಯುವುದು, ತಿಳಿಯುವುದು, ಒಪ್ಪುವುದು. ಶ್ರವಣ ಮನನ ನಿದಿಧ್ಯಾಸನಗಳ ಕ್ರಮವನ್ನು ಬಲ್ಲ ಓದುಗನಿಗೆ ಇಲ್ಲಿ ಮೈ ಜುಮ್ಮೆನ್ನದೆ ಇರದು. ಉತ್ತಮವಾದೊಂದು ವಿದ್ಯಾಕ್ರಮವೇ ಇಲ್ಲಿ ಒಳಗಿನಿಂದ ಕೊಳೆತಿದೆ. ನಾಲ್ಕು ಬೆರಳುಗಳನ್ನು ತೋರಿಸಿ ಐದೆಂದು ಹೇಳಿಸುವ ಪ್ರಸಂಗದಲ್ಲಿ ಓಬ್ರಿಯನ್ನನಿಗೆ ಶಿಷ್ಯನು ಸುಳ್ಳು ಹೇಳುವುದು ಬೇಕಾಗಿಲ್ಲ. ಐದನ್ನು ನಿಜವಾಗಿ ಕಾಣಬೇಕು. ಬಾಯಿಪಾಠ ಮಾಡಿ ಒಪ್ಪಿಸಿದ ಶಿಷ್ಯನಿಗೆ ಯಾವ ನಿರ್ದಯ ಉಪಾಧ್ಯಾಯನೂ ಬಿಡುಗಡೆ ಕೊಡುತ್ತಾನೆ. ಓಬ್ರಿಯನ್ ಕೊಡುವುದಿಲ್ಲ.

ಇಲ್ಲಿಯೇ ವ್ಯತಿರೇಕವು ತೊಡಗುತ್ತದೆ. ತೈತ್ತಿರೀಯದ ಶೀಕ್ಷಾವಲ್ಲಿಯಲ್ಲಿ ಅಧ್ಯಯನ ಮುಗಿದ ಅಂತೇವಾಸಿಗೆ ಆಚಾರ್ಯನು ಕೊಡುವ ಉಪದೇಶವನ್ನು ವಿದ್ವಾಂಸರು ಬಲ್ಲರು. ತಂದೆತಾಯಿಗಳನ್ನು ಗೌರವಿಸೆಂಬ ಭಾಗವನ್ನು ಶಾಲೆಯ ಗೋಡೆಗಳ ಮೇಲೆ ಬರೆಯಿಸುತ್ತೇವೆ. ಅದರ ಮುಂದಿನ ಭಾಗವನ್ನು ಬರೆಯಿಸುವವರು ವಿರಳ. ತಮ್ಮ ನಡತೆಯಲ್ಲಿ ಒಳ್ಳೆಯದಾದುದನ್ನು ಮಾತ್ರ ಅನುಸರಿಸು, ಉಳಿದುದನ್ನು ಬಿಡು ಎಂದು ಅಲ್ಲಿ ಗುರುವೇ ಹೇಳುತ್ತಾನೆ. ಗುರುವಿನಲ್ಲಿ ಬಿಡತಕ್ಕ ಅಂಶವೂ ಉಂಟೆಂಬುದನ್ನು ಗುರುವಿನ ಬಾಯಿಂದಲೇ ಕೇಳಿ ಶಿಷ್ಯನು ಮನೆಗೆ ಹೊರಡುತ್ತಾನೆ. ಎರಡನೆಯದಾಗಿ, ಅವನು ಹೊರಡುತ್ತಾನೆ ಎಂಬುದೇ ಮುಖ್ಯ. ಸಮಾವರ್ತನವಿದೆ; ಸ್ನಾತಕನಾಗುವ ದಿನವೊಂದಿದೆ. ಓಬ್ರಿಯನ್ನನ ಪಾಠಶಾಲೆಯಿಂದ ಹೊರಗೆ ಬಂದ ವಿನ್‌ಸ್ಟನ್ನನು ಹೊರಗೆ ಬಂದಿರುವುದಿಲ್ಲ.

ಶಾಸ್ತ್ರಕಾರರು ದಂಡನೆಯನ್ನು ನಿಷೇಧಿಸಲಿಲ್ಲ. ಹೊಡೆಯದೆಯೇ ಶಿಷ್ಯನನ್ನು ತಿದ್ದಬೇಕು, ಅಶಕ್ಯವಾದರೆ ತೆಳುವಾದ ಹಗ್ಗ ಅಥವಾ ಬಿದಿರಸೀಳನ್ನು ಉಪಯೋಗಿಸಬಹುದು, ಬೇರೊಂದರಿಂದ ಹೊಡೆದ ಗುರುವನ್ನು ರಾಜನು ಶಿಕ್ಷಿಸಬೇಕು ಎಂದು ಗೌತಮನ ವಿಧಿ. ಮನುವು ಬೆನ್ನಿನ ಮೇಲಲ್ಲದೆ ತಲೆಗೆ ಹೊಡೆದವನಿಗೆ ಕಳ್ಳನ ಪಾಪವನ್ನು ಹೇಳಿದ್ದಾನೆ. 2009ರ ಶಿಕ್ಷಣಹಕ್ಕಿನ ಶಾಸನವು ತನ್ನ 17ನೆಯ ವಿಧಿಯಲ್ಲಿ ದೇಹದಂಡನೆಯನ್ನೂ ಮನಸ್ಸಿನ ಹಿಂಸೆಯನ್ನೂ ಪೂರ್ತಿಯಾಗಿ ನಿಷೇಧಿಸಿರುವುದು ಇವರೆಲ್ಲರಿಗಿಂತ ಮುಂದಿನ ಹೆಜ್ಜೆ. ಅದಂತಿರಲಿ. ಗೌತಮನ ಮಾತಿನಲ್ಲಿ ನಮಗೆ ಬೇಕಾದುದು ಬೆತ್ತದ ಅಳತೆಯಲ್ಲ. ಗುರುವಿನ ಮೇಲೆ ಇನ್ನೊಂದು ಅಧಿಕಾರವಿದೆಯೆಂಬುದು. ಆಪಸ್ತಂಬನು ಒಂದು ಹೆಜ್ಜೆ ಮುಂದೆ ಹೋಗಿ, ಪಾಠವನ್ನು ಅಲಕ್ಷಿಸುವ ಗುರುವು ಗುರುವೇ ಅಲ್ಲವೆನ್ನುತ್ತಾನೆ. ಆಪತ್ಕಾಲದಲ್ಲಿ ಹೊರತು, ಓದಿಗೆ ಅಡ್ಡಿಯಾಗುವಂತೆ ಶಿಷ್ಯನನ್ನು ಸ್ವಂತ ಕೆಲಸಕ್ಕೆ ಹಚ್ಚಕೂಡದೆಂದೂ ವಿಧಿಸುತ್ತಾನೆ.

ಇವೆಲ್ಲಕ್ಕಿಂತಲೂ ವಿಶಿಷ್ಟವಾದುದು ಅನಧ್ಯಾಯಪ್ರಕರಣ. ಯಾಜ್ಞವಲ್ಕ್ಯನು ಮೂವತ್ತೇಳು ಅನಧ್ಯಾಯಗಳನ್ನು ಎಣಿಸಿದ್ದಾನೆ. ಗುಡುಗಿದರೆ ಪಾಠವಿಲ್ಲ. ಧೂಳೆದ್ದರೆ ಪಾಠವಿಲ್ಲ. ನಾಯಿ, ನರಿ, ಕತ್ತೆ ಕೂಗಿದರೆ ಪಾಠವಿಲ್ಲ. ಶಿಷ್ಟರು ಮನೆಗೆ ಬಂದರೆ ಪಾಠವಿಲ್ಲ. ಶ್ರಾವಣದ ಉಪಾಕರ್ಮದಿಂದ ತೊಡಗಿ ಪುಷ್ಯಮಾಘಗಳ ಉತ್ಸರ್ಜನದವರೆಗೆ ನಾಲ್ಕೂವರೆ ಐದು ತಿಂಗಳು ಮಾತ್ರವೇ ವೇದಾಧ್ಯಯನದ ಮುಖ್ಯಕಾಲ. ಪ್ರತಿಪತ್ತು ಅಷ್ಟಮಿಗಳನ್ನು ಈಗಲೂ ಸಂಸ್ಕೃತ ಪಾಠಶಾಲೆಗಳಲ್ಲಿ ಕೆಲವರು ಪಾಲಿಸುತ್ತಾರೆ. ಈ ಲೇಖಕನೂ ಆಕಾಶದಲ್ಲಿ ಮೋಡ ಕಟ್ಟಿದೊಡನೆ ಧರ್ಮಶಾಸ್ತ್ರದಲ್ಲಿ ಶ್ರದ್ಧೆ ಹೆಚ್ಚುತ್ತಿದ್ದ ವಟುಗಳಲ್ಲಿ ಒಬ್ಬನಾಗಿದ್ದನು. ಪೂರ್ವಿಕರು ಇದಕ್ಕೆ ಅದೃಷ್ಟಾರ್ಥವಾದ ಕಾರಣಗಳನ್ನು ಹೇಳಿದ್ದಾರೆ. ವಿಮರ್ಶಕನಿಗೆ ಕಾಣುವ ದೃಷ್ಟಾರ್ಥವು ಬೇರೆ. ಪಾಠವನ್ನು ನಿಲ್ಲಿಸುವ ಶಕ್ತಿಯು ಗುರುವಿನ ಕೈಯಲ್ಲಿಲ್ಲ, ಶಿಷ್ಯನ ಕೈಯಲ್ಲೂ ಇಲ್ಲ. ಮೋಡಕ್ಕೂ ಅತಿಥಿಗೂ ಕತ್ತೆಗೂ ಇದೆ. ಪಾಠಶಾಲೆಗಿಂತ ಲೋಕವು ದೊಡ್ಡದೆಂಬುದನ್ನು ಪಾಠಶಾಲೆಯ ನಿಯಮವೇ ಒಪ್ಪಿಕೊಂಡಿದೆ. ಆರ್ವೆಲ್ಲನ ರಾಜ್ಯದಲ್ಲಿ ಅನಧ್ಯಾಯವಿಲ್ಲ. ಕೆಲಸ ಮುಗಿದ ಸಂಜೆಯೂ ಸಮುದಾಯಭವನಕ್ಕೆ ಹೋಗಬೇಕು. ಒಬ್ಬನೇ ತಿರುಗಾಡಲು ಹೋಗುವುದಕ್ಕೆ ಅಲ್ಲಿ ಅಪರಾಧದ ಹೆಸರೊಂದು ಬೇರೆ ಇದೆ. ನಿದ್ರೆಗೂ ಪಾಠವಿದೆ. ಹೋಲಿಕೆಯ ಸಾಧಾರಣಧರ್ಮವನ್ನು ಹುಡುಕುವವರು ಇದನ್ನು ಹಿಡಿಯಬೇಕೆಂದು ನಮ್ಮ ಅಭಿಪ್ರಾಯ. ಶಾಲೆಯು ಎಷ್ಟು ಕಠಿನವೆಂಬುದು ಪ್ರಶ್ನೆಯಲ್ಲ. ಎಲ್ಲಿ ನಿಲ್ಲುತ್ತದೆಯೆಂಬುದು ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಆ ಮೂವತ್ತೇಳರ ಪಟ್ಟಿಯಲ್ಲಿಯೇ ಶೂದ್ರನ ಸಾನ್ನಿಧ್ಯವೂ ಅಂತ್ಯಜನ ಸಾನ್ನಿಧ್ಯವೂ ಶವದೊಡನೆ ಶ್ಮಶಾನದೊಡನೆ ಸೇರಿವೆ. ಯಾರ ಬಿಡುವನ್ನು ನಾವು ಕೊಂಡಾಡುತ್ತಿದ್ದೇವೆಯೋ ಅವರ ಶಾಲೆಯ ಬಾಗಿಲು ಊರಿನ ಬಹುಪಾಲು ಮಕ್ಕಳಿಗೂ ಹೆಣ್ಣುಮಕ್ಕಳಿಗೂ ತೆರೆಯಲೇ ಇಲ್ಲ. ಇದಕ್ಕೆ ಸಮಾಧಾನವಿಲ್ಲ. ಒಳಗಿದ್ದವನ ಸ್ವಾತಂತ್ರ್ಯಕ್ಕೆ ಅಳತೆಗಳನ್ನು ಸೂಕ್ಷ್ಮವಾಗಿ ಕಟ್ಟಿದ ಶಾಸ್ತ್ರವು ಹೊರಗಿದ್ದವನನ್ನು ಕತ್ತೆಯ ಕೂಗಿನ ಸಾಲಿನಲ್ಲಿ ಎಣಿಸಿತೆಂಬುದನ್ನು ಹೇಳಿಯೇ ಮುಂದೆ ಹೋಗಬೇಕು.

ರಾಜಾಧಿಕಾರವು ಶಾಲೆಯೊಳಗೆ ಕಾಲಿಟ್ಟ ಬಗೆಯನ್ನು ನೋಡಲು ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ. ಸಂತೆಕಲ್ಲೂರಿನ ನೆರೆಯ ಮಸ್ಕಿಯ ಶಾಸನವು 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನು ತಿಳಿಸಿತು. ಅದೇ ಸಮ್ರಾಟನು ಬ್ರಹ್ಮಗಿರಿಯಲ್ಲಿ ಕೆತ್ತಿಸಿದ ಲಿಪಿಯಲ್ಲಿ ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂಬ ಅಪ್ಪಣೆಯುಂಟು. ಇದು ಸೌಮ್ಯವಾದ ಅಪ್ಪಣೆ. ಇದೇ ಸೀಮೆಯು 1948ರ ಸೆಪ್ಟೆಂಬರಿನವರೆಗೆ ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಉರ್ದು. ದೇಶಭಾಷೆಯೊಂದರಲ್ಲಿ ಉನ್ನತವಿದ್ಯೆಯನ್ನು ಬೋಧಿಸಿದ ಸಾಹಸವೆಂದು ಅದನ್ನು ಹೊಗಳುವುದು ನ್ಯಾಯವೇ. ಆದರೆ ಸಿಂಧನೂರು ಲಿಂಗಸುಗೂರುಗಳ ಬಾಲಕನಿಗೆ ಆ ದೇಶಭಾಷೆಯು ತನ್ನ ದೇಶದ ಭಾಷೆಯಾಗಿರಲಿಲ್ಲ. ಕನ್ನಡವು ಕೆಳಗಿನ ತರಗತಿಗಳಲ್ಲಿಯೇ ನಿಂತುಹೋಗುತ್ತಿತ್ತು. ಖಾಸಗಿ ಶಾಲೆಯನ್ನು ತೆರೆಯಲು ಸರ್ಕಾರದ ಅಪ್ಪಣೆ ಬೇಕಾಗುತ್ತಿತ್ತು. 1929ರಲ್ಲಿ ಹೊರಟ 53ನೆಯ ಗಸ್ತಿಯಿಂದ ಸಭೆ ಸೇರುವುದಕ್ಕೂ ಮುಂಚಿತವಾದ ಅನುಮತಿ ಬೇಕಾಯಿತು. ಇಂಥ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದುದೂ, 1934ರಲ್ಲಿ ಅದೇ ಊರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯಸಮ್ಮೇಳನವು ಸೇರಿದುದೂ ಸಣ್ಣ ಕೆಲಸಗಳಲ್ಲ. ಶಾಲಾ ಇನ್‌ಸ್ಪೆಕ್ಟರರಾಗಿದ್ದುಕೊಂಡೇ ಮಕ್ಕಳಿಗೆ ಹಾಡುಕಟ್ಟಿದ ಪಂಜೆಯವರು, ತನಿಖೆಮಾಡುವ ಕಣ್ಣಿಗೂ ನಗೆಯುಂಟೆಂಬುದಕ್ಕೆ ಸಾಕ್ಷಿ. 1938ರಲ್ಲಿ ಔರಂಗಾಬಾದು ಹೈದರಾಬಾದುಗಳ ವಸತಿಗೃಹಗಳಲ್ಲಿ ವಂದೇಮಾತರವನ್ನು ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದರು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯವು ಆಶ್ರಯವಿತ್ತಿತು. ಮುಂದೆ ದೇಶದ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾಯರು ಆ ವಿದ್ಯಾರ್ಥಿಗಳಲ್ಲಿ ಒಬ್ಬರು.

ಇದು ಆರ್ವೆಲ್ಲನ ರಾಜ್ಯವೇ? ಹಾಡಿದುದಕ್ಕೆ ಹೊರಹಾಕಿದರೆಂಬಲ್ಲಿ ಹೋಲಿಕೆಯಿದೆ. ಹೊರಗೊಂದು ನಾಗಪುರವಿತ್ತೆಂಬಲ್ಲಿ ಇಲ್ಲ. ಭಾಷೆಯ ವಿಷಯದಲ್ಲಿ ಭೇದವು ಇನ್ನೂ ಆಳವಾದುದು. ಕಾದಂಬರಿಯ ನವಭಾಷೆಯು ವರ್ಷವರ್ಷಕ್ಕೆ ಪದಗಳನ್ನು ಕಳೆದುಕೊಳ್ಳುತ್ತ, ಕೊನೆಗೆ ದ್ರೋಹವನ್ನು ಆಲೋಚಿಸಲು ಮಾತೇ ಸಿಕ್ಕದಂತೆ ಮಾಡಲು ನಿರ್ಮಿತವಾದುದು. ಉರ್ದುವಾದರೋ ಮೀರ್ ಗಾಲಿಬರ ಭಾಷೆ. ತಪ್ಪು ಭಾಷೆಯಲ್ಲಿರಲಿಲ್ಲ, ಅದನ್ನು ಬಾಗಿಲ ಅಗುಳಿಯನ್ನಾಗಿಸಿದ ಕೈಯಲ್ಲಿತ್ತು. ರಾಯಚೂರು ಜಿಲ್ಲೆಯ ಹೆಂಬೆರಾಳದಲ್ಲಿ 1924ರಲ್ಲಿ ಜನಿಸಿ, 2006ರ ಬೀದರ ಸಮ್ಮೇಳನದ ಅಧ್ಯಕ್ಷರಾದ ಶಾಂತರಸರು ಆ ಭಾಷೆಯ ಗಜಲನ್ನೇ ಕನ್ನಡಕ್ಕೆ ತಂದು ನೆಲೆಗೊಳಿಸಿದರು. ಅಗುಳಿಯಿಂದ ವೀಣೆಯ ಕಂಬಿಯನ್ನು ಮಾಡಿದಂತಾಯಿತು. ನವಭಾಷೆಯಲ್ಲಿ ಗಜಲು ಸಾಧ್ಯವಿಲ್ಲ. ಆಂಪಲ್‌ಫೋರ್ತ್ ಎಂಬ ಬಡಕವಿಯು ಅಲ್ಲಿ ಸೆರೆಮನೆ ಸೇರುವುದು ಏತಕ್ಕೆ? ಹಳೆಯ ಪದ್ಯವೊಂದನ್ನು ತಿದ್ದುವಾಗ ಅಂತ್ಯಪ್ರಾಸಕ್ಕೆ ಬೇರೆ ಪದ ಸಿಕ್ಕದೆ ದೇವರೆಂಬರ್ಥದ ಪದವನ್ನು ಉಳಿಸಿದುದಕ್ಕೆ. ಅದಕ್ಕೆ ಜೊತೆಯಾಗಿದ್ದ ಪ್ರಾಸಪದದ ಅರ್ಥ ಬೆತ್ತ! ಪ್ರಾಸವು ಇರಬೇಕೆ ಬೇಡವೆ ಎಂದು ಕನ್ನಡದಲ್ಲಿ ಬಹಳ ಜಗಳವಾಡಿದ್ದೇವೆ; ಪ್ರಾಸವನ್ನು ಬಿಡಲಾರದೆ ಸೆರೆಗೆ ಹೋದವನ ವಿಷಯದಲ್ಲಿ ಎರಡು ಪಕ್ಷದವರೂ ಮರುಗಬಹುದು.

ವರ್ತಮಾನಕ್ಕೆ ಬರೋಣ. ಸಂತೆಕಲ್ಲೂರು ಓದುಬರಹಕ್ಕೆ ಹೊಸ ಊರಲ್ಲ. ಕೃಷಿಜ್ಞಾನ ಪ್ರದೀಪಿಕೆಯನ್ನು ರಚಿಸಿದ ಘನಮಠದ ನಾಗಭೂಷಣ ಶಿವಯೋಗಿಗಳ ಊರು. ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿದ ಸಿಂಧನೂರಿನ ಕಡೆ ಬತ್ತದ ಗದ್ದೆಗಳಿವೆ. ಮಳೆಯನ್ನೇ ನಂಬಿದ ಹೊಲಗಳವರು ಬಿತ್ತನೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಾರೆ. ಇಂಥ ಮನೆಯ ಬಾಲಿಕೆಗೆ ಮೊರಾರ್ಜಿ ದೇಸಾಯಿ ವಸತಿಶಾಲೆಯಲ್ಲೋ ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಯಲ್ಲೋ ಸ್ಥಾನ ದೊರೆತರೆ, ಅಲ್ಲಿಯ ಗಂಟೆಯು ಅವಳಿಗೆ ಬಂಧನದ ಗಂಟೆಯೆಂದು ಪಟ್ಟಣದ ಲೇಖಕನು ಹೇಳಬಾರದು. ಹತ್ತಿಯ ಹೊಲದಲ್ಲಿ ಗಂಟೆಯಿರುವುದಿಲ್ಲ, ಬಿಡುವೂ ಇರುವುದಿಲ್ಲ. 2002ರಲ್ಲಿ ಅಕ್ಷರದಾಸೋಹವು ಮೊದಲು ಕಾಲಿಟ್ಟುದು ರಾಯಚೂರನ್ನೊಳಗೊಂಡ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಮಧ್ಯಾಹ್ನದ ಅನ್ನವು ಶಾಲೆಗೆ ಕರೆತಂದ ಮಕ್ಕಳಿಗೆ ಸ್ವಾತಂತ್ರ್ಯವೆಂದರೆ ಮೊದಲು ಹಸಿವಿನಿಂದ ಸ್ವಾತಂತ್ರ್ಯ. ಇಷ್ಟನ್ನು ಒಪ್ಪಿಯೂ, ಅನ್ನವನ್ನು ಕೊಟ್ಟವರು ಅದಕ್ಕೆ ಬದಲಾಗಿ ಬಿಡುವನ್ನು ತೆಗೆದುಕೊಳ್ಳಬಹುದೆಂಬ ವಾದವನ್ನು ನಾವು ಒಪ್ಪಲಾರೆವು. ಬೆಳಗಿನ ಐದು ಗಂಟೆಯಿಂದ ರಾತ್ರಿಯವರೆಗೆ ತರಗತಿ, ಪುನರಾವರ್ತನ, ಮೇಲ್ವಿಚಾರಣೆಯ ಓದು, ಕಿರುಪರೀಕ್ಷೆ ಎಂದು ತುಂಬಿದ ವೇಳಾಪಟ್ಟಿಯನ್ನು ಹತ್ತನೆಯ ತರಗತಿಯ ಫಲಿತಾಂಶದ ಹೆಸರಿನಲ್ಲಿ ಹೆಮ್ಮೆಯಿಂದ ತೂಗುಹಾಕುವ ಶಾಲೆಗಳು, ಖಾಸಗಿಯವಾಗಲಿ ಅನ್ಯವಾಗಲಿ, ಯಾಜ್ಞವಲ್ಕ್ಯನ ಮೂವತ್ತೇಳರಲ್ಲಿ ಒಂದನ್ನಾದರೂ ಉಳಿಸಿವೆಯೇ? ಮಳೆ ಬಂದಾಗ ಕಿಟಕಿಯ ಕಡೆ ತಿರುಗಿದ ಮುಖವು ಅಲ್ಲಿ ಅಪರಾಧದ ಮುಖವಾಗುತ್ತದೆ. ಮುಖಭಾವದಲ್ಲಿಯೂ ಅಪರಾಧವನ್ನು ಕಾಣುವ ವಿಧಿಯು ಆರ್ವೆಲ್ಲನಲ್ಲಿ ಇದೆಯೆಂಬುದನ್ನು ಓದಿದವರು ಬಲ್ಲರು.

ಕಾವಲಿನ ವಿಷಯದಲ್ಲಿ ಹೋಲಿಕೆಯು ಈಗ ಅಲಂಕಾರವಾಗಿಯೂ ಉಳಿದಿಲ್ಲ. 2025ರ ಜುಲೈಯಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು ತನಗೆ ಸೇರಿದ ಶಾಲೆಗಳಲ್ಲಿ ದೃಶ್ಯವನ್ನೂ ಧ್ವನಿಯನ್ನೂ ಗ್ರಹಿಸುವ ಕ್ಯಾಮರಾಗಳನ್ನು ತರಗತಿ, ಪಡಸಾಲೆ, ಗ್ರಂಥಾಲಯಗಳಲ್ಲಿ ಇರಿಸಬೇಕೆಂದೂ, ಚಿತ್ರಗಳನ್ನು ಕನಿಷ್ಠ 15 ದಿನ ಕಾದಿಡಬೇಕೆಂದೂ ನಿಯಮಮಾಡಿತು. ಮಕ್ಕಳ ರಕ್ಷಣೆಯು ಇದರ ಉದ್ದೇಶ; ಆ ಉದ್ದೇಶವನ್ನು ಶಂಕಿಸಲು ಕಾರಣವಿಲ್ಲ, ಮಕ್ಕಳಿಗೆ ಅಪಾಯಗಳಿರುವುದೂ ನಿಜ. ನಮ್ಮ ಆಕ್ಷೇಪವಿರುವುದು ಧ್ವನಿಯ ವಿಷಯದಲ್ಲಿ. ಕಾಣುವುದು ಕಾವಲುಗಾರನ ಧರ್ಮ, ಕೇಳುವುದು ಗೂಢಚಾರನದು. ತರಗತಿಯಲ್ಲಿ ಬಾಲಕನು ತಪ್ಪಾಗಿ ಉತ್ತರಿಸುವ ಹಕ್ಕುಳ್ಳವನು. ಉಪಾಧ್ಯಾಯನು ಒಮ್ಮೊಮ್ಮೆ ಪಠ್ಯವನ್ನು ಮೀರಿ ಮಾತನಾಡುವ ಹಕ್ಕುಳ್ಳವನು. 15 ದಿನಗಳ ಮೇಲೆ ಯಾರೋ ಕೇಳಬಹುದಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿ ಧಾರಾಳವಾಗಿ ಕೇಳಿಯಾನು? ಇಲ್ಲಿ ಗುರುಶಿಷ್ಯರಿಬ್ಬರೂ ಒಂದೇ ಯಂತ್ರದ ಕೆಳಗೆ ಕೂತಿರುವರೆಂಬುದನ್ನು ಉಪಾಧ್ಯಾಯ ಮಿತ್ರರು ಗಮನಿಸಬೇಕು. ಗೌತಮನು ಗುರುವಿನ ಮೇಲೆ ನಿಲ್ಲಿಸಿದ ಅಧಿಕಾರವು ದೂರು ಬಂದಾಗ ವಿಚಾರಿಸುವಂಥದು. ದೂರಿಲ್ಲದೆಯೇ ದಿನವಿಡೀ ಆಲಿಸುವಂಥದಲ್ಲ.

ವಿನ್‌ಸ್ಟನ್ನನ ಕೋಣೆಯಲ್ಲಿ ಯಂತ್ರದ ಕಣ್ಣಿಗೆ ಬೀಳದ ಒಂದು ಸಣ್ಣ ಗೂಡಿದ್ದಿತು. ಕಥೆಯೆಲ್ಲ ಆರಂಭವಾದುದು ಆ ಗೂಡಿನಲ್ಲಿ. ವಸತಿಶಾಲೆಯ ಮಗುವಿಗೆ ಅಂಥ ಗೂಡು ಯಾವುದೆಂದರೆ ಅದರ ತಗಡಿನ ಟ್ರಂಕು. ಅದರ ಬೀಗದ ಕೈ ಯಾರ ಬಳಿಯಿರಬೇಕೆಂಬುದು ಮೇಲ್ವಿಚಾರಕರು ಯೋಚಿಸಬೇಕಾದ ವಿಷಯ. ವಿನ್‌ಸ್ಟನ್ನನು ಹಳೆಯ ಸಾಮಾನಿನ ಅಂಗಡಿಯಿಂದ ತಂದ ಪುಸ್ತಕದಲ್ಲಿ ಯಾರೂ ಓದಬಾರದ ದಿನಚರಿಯನ್ನು ಬರೆದನು. ನಮ್ಮ ಶಾಲೆಗಳಲ್ಲಿಯೂ ‘ಡೈರಿ’ ಎಂಬ ಪುಸ್ತಕವೊಂದನ್ನು ಪ್ರತಿಯೊಂದು ಮಗುವಿಗೂ ಕೊಡುತ್ತಾರೆ. ಅದರಲ್ಲಿ ಉಪಾಧ್ಯಾಯರು ಬರೆಯುತ್ತಾರೆ, ತಂದೆತಾಯಿಗಳು ಓದಿ ಸಹಿಮಾಡುತ್ತಾರೆ. ಮಗುವು ಅದನ್ನು ಹೊತ್ತುಕೊಂಡು ಹೋಗಿ ಬರುತ್ತದೆ.